ಕೂಗು ಬಿಟ್ಟ ತಂಡ, ತಾಳ ಬಿಡದ ಅಕ್ಕ

ಕಿವಿಗೆ ಇಂಪಾದುದನ್ನೇ ಸಂಗೀತವೆಂದು ನಂಬಿಕೊಂಡು ಬಂದ ಊರಿನಲ್ಲಿ, ಕಿವಿ ಮುಚ್ಚಿಕೊಂಡು ಓಡಬೇಕೆನಿಸುವ ಸದ್ದಿಗೂ ಒಂದು ಶಿಸ್ತಿದೆ, ಒಂದು ಸತ್ಯವಿದೆ ಎಂದು ಅರ್ಧ ಆಯುಷ್ಯ ಸವೆಸಿ ತೋರಿಸಿಕೊಟ್ಟವರು ‘ಗರಗಸ’ ತಂಡದ ಡ್ರಮ್ಸ್ ವಾದಕಿ, ಹಿರಿಯರು ಕಿರಿಯರೆನ್ನದೆ ಎಲ್ಲರೂ ಅಕ್ಕ ಎಂದೇ ಕರೆಯುವವರು. ಹಾರ್ಡ್‌ಕೋರ್ ಎಂಬ ಈ ಬಗೆಯ ಸಂಗೀತ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಹಾಡು ಚಿಕ್ಕದು, ವೇಗ ವಿಪರೀತ, ಹಾಡುಗಾರ ಹಾಡುವುದಿಲ್ಲ, ಗಂಟಲು ಹರಿಯುವಂತೆ ಕೂಗುತ್ತಾನೆ. ಈ ಕ್ಷೇತ್ರದಲ್ಲಿ ಅರವತ್ತರವರೆಗೆ ಬಾರಿಸಿದವರು ಅಪರೂಪ. ಅರವತ್ತು ದಾಟಿದ ಮೇಲೂ ನೆರೆಮನೆಯವರಿಂದ ಬೈಸಿಕೊಳ್ಳುತ್ತಿದ್ದವರು ಅಕ್ಕ ಒಬ್ಬರೇ. ಈಗ ಮಣಿಕಟ್ಟು ಮಾತು ಕೇಳುತ್ತಿಲ್ಲವಾದ್ದರಿಂದ ನಿವೃತ್ತರಾಗಿದ್ದಾರೆ. ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟದ ಸುದ್ದಿ ತಿಳಿದಾಗ ಅವರು ವಿಧಿಸಿದ ಷರತ್ತು ಒಂದೇ. “ಬರೀ ಹೊಗಳ್ಬೇಡಿ. ನನ್ನ ತಮ್ಮಂದು ಬರೀರಿ. ಆಗಲ್ಲ ಅಂದ್ರೆ ಏನೂ ಬರೀಲೇಬೇಡಿ.”

ಅಕ್ಕ ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯಲ್ಲಿ ತಗಡು ಬಗ್ಗಿಸುವ ಯಂತ್ರದ ಮುಂದೆ ಕೆಲಸಕ್ಕಿದ್ದರು. ಬೆನ್ನಿಗೆ ಬಿದ್ದ ತಮ್ಮ ಗಿಟಾರು ನುಡಿಸುತ್ತ ಕೂಗುತ್ತಿದ್ದ. ಮೂರನೆಯವರು ಕನ್ನಡಕದಂಗಡಿಯ ಮಾಲೀಕರು. ಮಂದ್ರದ ಗಿಟಾರು, ಅಂದರೆ ಬೇಸ್, ಅವರದು, ಅಭ್ಯಾಸಕ್ಕೆ ಅಂಗಡಿಯ ಹಿಂದಿನ ಕೋಣೆಯೂ ಅವರದೇ. ಬಾಗಿಲಿಗೆ ಹಳೆಯ ಹಾಸಿಗೆ ಆನಿಸಿ ಬಾರಿಸುತ್ತಿದ್ದರೂ ಕಪಾಟಿನ ಗಾಜುಗಳು ನಡುಗುತ್ತಿದ್ದವು. ಮನೆಯಲ್ಲಿ ತಾಯಿಯದು ಒಂದೇ ಪ್ರಶ್ನೆ. “ಕಾರ್ಖಾನೇಲಿ ಹಗಲೆಲ್ಲಾ ಕುಟ್ಟಿದ್ದು ಸಾಲ್ದೇನೇ? ಸಂಜೆ ಮತ್ತೆ ಕುಟ್ಬೇಕಾ?” ಮಕ್ಕಳ ಸಂಗೀತ ಕಛೇರಿಗೆ ಆಕೆ ಒಮ್ಮೆಯೂ ಹೋದವರಲ್ಲ.

ತಂಡಕ್ಕೆ ಅಕ್ಕ ಹಾಕಿಕೊಟ್ಟ ಕಟ್ಟಳೆ ಒಂದಿತ್ತು: ಏನೇ ಆಗಲಿ, ಹಾಡು ಮುಗಿಯುವವರೆಗೆ ಯಾರೂ ನಿಲ್ಲಿಸಕೂಡದು. ತಂತಿ ಹರಿಯಿತು, ನಿಲ್ಲಿಸಲಿಲ್ಲ. ಮೈಕು ತಗುಲಿ ತಮ್ಮನ ಹಲ್ಲು ಮುರಿಯಿತು, ರಕ್ತ ಉಗುಳಿ ಮುಂದುವರಿಸಿದ. ತಪ್ಪನ್ನು ಸರಿಪಡಿಸುವ ಬದಲು ಅದನ್ನೇ ಹಾಡಿನೊಳಕ್ಕೆ ಸೇರಿಸಿಕೊಳ್ಳುವ ಈ ಹಟದಿಂದಲೇ ತಂಡದ ನಾದ ಬದಲಾಗುತ್ತ ಹೋಯಿತು. ಕಾರ್ಖಾನೆಯಲ್ಲಿ ಸೊಟ್ಟಗಾಗಿ ತಿರಸ್ಕೃತವಾದ ಬೀರುಬಾಗಿಲುಗಳನ್ನು ಅಕ್ಕ ತಂದು ನೇತುಹಾಕಿ ಬಾರಿಸತೊಡಗಿದರು. ಹಾಡುಗಳು ಉದ್ದವಾದವು, ನಡುನಡುವೆ ಕುಂಟಿದವು, ಮುಗಿಯಿತೆನ್ನುವಾಗ ಮತ್ತೆ ಎದ್ದವು. ತಮ್ಮನಂತೂ ಪ್ರತಿ ಕಛೇರಿಗೂ ಹೊಸದೊಂದು ಕೂಗು ಹುಡುಕಿಕೊಂಡು ಬರುತ್ತಿದ್ದ: ಉಸಿರು ಒಳಗೆಳೆದುಕೊಳ್ಳುತ್ತ, ಅಳುತ್ತ, ಕೆಮ್ಮುತ್ತ. ಇಷ್ಟು ಗದ್ದಲದವರಾದರೂ ಅಕ್ಕನ ಮನಸ್ಸು ಹೂವಿನಂಥದು. ಮುಂದಿನ ಸಾಲಿನಲ್ಲಿ ನಿಂತ ಹೊಸಬರ ಕಿವಿಗೆ ತಾವೇ ಹತ್ತಿ ಇಟ್ಟು ಬಂದು ಆಮೇಲೆ ಬಾರಿಸುತ್ತಿದ್ದರು. ಪರವೂರಿನಿಂದ ಬಂದು ಬಸ್ಸು ತಪ್ಪಿಸಿಕೊಂಡ ತಂಡಗಳು ಅವರ ಮನೆಯ ನಡುಕೋಣೆಯಲ್ಲಿ ಸಾಲಾಗಿ ಮಲಗಿ ಎದ್ದು ಹೋದದ್ದಕ್ಕೆ ಲೆಕ್ಕವಿಲ್ಲ.

ತಮ್ಮನ ಕೊನೆಯ ಕಛೇರಿಯ ಸಭಾಂಗಣ ಒಂದು ಮಳಿಗೆಯ ನೆಲಮಾಳಿಗೆ. ಗೋಡೆಯ ಪ್ಲಗ್ಗಿಗೆ ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇರಲಿಲ್ಲ, ಯಾರೂ ನೋಡಿರಲಿಲ್ಲ. ಕೊನೆಯ ಹಾಡಿನಲ್ಲಿ ತಮ್ಮ ಬಲಗೈ ತಂತಿಗಳ ಮೇಲಿದ್ದಂತೆಯೇ ಎಡಗೈಯಿಂದ ಮೈಕು ಹಿಡಿದ. ಹಿಡಿದ ಕೈ ಬಿಡಲಾಗಲಿಲ್ಲ. ಮೈಯೆಲ್ಲ ಅದುರಿತು, ಅವನು ಕೂಗಿದ. ಅಂಥ ಕೂಗನ್ನು ಯಾರೂ ಹಿಂದೆ ಕೇಳಿರಲಿಲ್ಲ. ಜನ ಹುಚ್ಚೆದ್ದು ಕುಣಿದರು. ಹಿಂದೆ ಕುಳಿತವರಿಗೆ ಮುಂದಿರುವವನ ಬೆನ್ನು ಮಾತ್ರ ಕಾಣುತ್ತದೆ. ತಮ್ಮ ಇವತ್ತು ಎಲ್ಲಿಂದಲೋ ಹೊಸ ಕೂಗೊಂದನ್ನು ಹಿಡಿದು ತಂದಿದ್ದಾನೆಂದು ಅಕ್ಕ ಹಿಗ್ಗಿದರು. ಹಿಗ್ಗಿ, ಅವನ ಕೂಗಿಗೆ ಸರಿಗಟ್ಟಲೆಂದು ಇನ್ನೂ ಜೋರಾಗಿ ಬಾರಿಸಿದರು. ಅವನ ಬೆರಳುಗಳನ್ನು ಕಂಡ ಕನ್ನಡಕದಂಗಡಿಯವರು ಗಿಟಾರು ಎಸೆದು ಪ್ಲಗ್ಗು ಕೀಳುವ ಹೊತ್ತಿಗೆ ಎಲ್ಲ ಮುಗಿದಿತ್ತು.

“ಅವನು ಕೂಗ್ಲಿಲ್ವೇನೇ?” ಎಂದು ಆ ರಾತ್ರಿ ಮನೆಯಲ್ಲಿ ತಾಯಿ ಕೇಳಿದರು. “ಒಂದೇ ಕ್ಷಣ ಅಮ್ಮ. ಕೂಗೋಕೂ ಪುರುಸೊತ್ತಿರ್ಲಿಲ್ಲ,” ಎಂದರು ಅಕ್ಕ. ಬಂದುಹೋಗುವ ನೆಂಟರಿಗೆಲ್ಲ ತಾಯಿ ಅದನ್ನೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು: ನನ್ನ ಮಗ ನರಳಲಿಲ್ಲ, ಅಷ್ಟಾದರೂ ಪುಣ್ಯ. ಪಕ್ಕದಲ್ಲೇ ಕೂತು ಅದನ್ನು ಕೇಳುವುದು ಅಕ್ಕನ ಪಾಲಿನ ಶಿಕ್ಷೆಯಾಯಿತು. ನಿಜ ಹೇಳಿದರೆ ತಾಯಿಗಿರುವ ಒಂದೇ ಸಮಾಧಾನವೂ ಹೋಗುತ್ತದೆ, ಹೇಳದಿದ್ದರೆ ತಮ್ಮನ ಕೊನೆಯ ಕೂಗನ್ನೇ ಇಲ್ಲವೆಂದಂತಾಗುತ್ತದೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಹೀಗೆಯೇ ವರ್ಷಗಳು ಕಳೆದವು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂದು ಬುದ್ಧಿ ಹೇಳಿದವರು ಬೇಕಾದಷ್ಟು ಮಂದಿ. ಅಕ್ಕ ಚಿಂತಿಸಿದರು, ಫಲವನ್ನೂ ಪಡೆದರು. ಅಂದಿನಿಂದ ಈ ಊರಿನ ಯಾವ ವೇದಿಕೆಯ ಮೇಲೆ ಯಾವ ತಂಡವೇ ನಿಲ್ಲಲಿ, ಮೊದಲು ಟೆಸ್ಟರ್ ಹಿಡಿದು ಪ್ರತಿ ಮೈಕನ್ನೂ ಪ್ರತಿ ತಂತಿಯನ್ನೂ ಮುಟ್ಟಿ ನೋಡುವವರು ಅಕ್ಕ. ಕರೆಯದಿದ್ದರೂ ಹೋಗುತ್ತಿದ್ದರು, ಬೈದರೂ ಬಿಡುತ್ತಿರಲಿಲ್ಲ. ಕಟ್ಟಳೆಯೂ ತಿರುಗುಮುರುಗಾಯಿತು: ಯಾರು ಕೈ ಎತ್ತಿದರೂ ಎಲ್ಲರೂ ನಿಲ್ಲಿಸಬೇಕು. ತಂಡಕ್ಕೆ ಬಂದ ಹೊಸ ಹಾಡುಗಾರ್ತಿ ಕೂಗಲಿಲ್ಲ. ಆ ಆರ್ಭಟದ ನಡುವೆ ಮಾತನ್ನು ಮಾತಿನಂತೆಯೇ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಹೇಳುತ್ತಿದ್ದಳು. ಅವಳು ಬಾಯಿ ತೆರೆದಾಗಲೆಲ್ಲ ಡ್ರಮ್ಸ್ ತೆಪ್ಪಗಾಗುತ್ತಿತ್ತು. ವಿಮರ್ಶಕರು ಇದನ್ನು ಪ್ರಬುದ್ಧತೆ ಎಂದು ಕೊಂಡಾಡಿದರು. ಹಳೆಯ ಅಭಿಮಾನಿಗಳು ಹಲ್ಲು ಕಿತ್ತ ಹಾವು ಎಂದು ಮೂಗು ಮುರಿದರು. ಇಬ್ಬರದೂ ತಪ್ಪು. ಮತ್ತೊಂದು ಕೂಗನ್ನು ಹಾಡೆಂದು ತಿಳಿಯುವ ಧೈರ್ಯ ಅಕ್ಕನಿಗಿರಲಿಲ್ಲ, ಅಷ್ಟೆ.

ಮೊನ್ನೆ ಈ ಸಂಪುಟದ ಜೊತೆ ಹೊರತರಲೆಂದು ಹಳೆಯ ಧ್ವನಿಮುದ್ರಣಗಳನ್ನು ಕೊಡಿರೆಂದು ನಾವು ಕೇಳಿಕೊಂಡಾಗ, ಅಕ್ಕ ಕ್ಯಾಸೆಟ್ಟುಗಳ ಪೆಟ್ಟಿಗೆ ಬಿಚ್ಚಿ ಒಂದನ್ನು ಹಾಕಿದರು. ಎಂಬತ್ತು ದಾಟಿದ ತಾಯಿ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಗಾಬರಿಯಿಂದ ಬಂದರು.

“ಯಾರೇ ಅದು ಹೀಗೆ ಕಿರುಚ್ತಿರೋದು? ಯಾರಿಗೋ ಏನೋ ಆಗಿದೆ, ಹೋಗಿ ನೋಡೇ!”

“ಯಾರಿಗೂ ಏನೂ ಆಗಿಲ್ಲಮ್ಮ. ತಮ್ಮ. ಹಾಡ್ತಿದಾನೆ.”

ತಾಯಿ ಕುರ್ಚಿಯ ಬೆನ್ನು ಹಿಡಿದು ನಿಂತು ಕೇಳಿದರು. “ಇದು ಹಾಡಾ?”

“ಹೂಂ.”

“ಅವತ್ತು?”

ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಸುಳ್ಳು ಅಕ್ಕನ ಬಾಯಿಗೆ ಬರಲಿಲ್ಲ. “ಕೂಗಿದ, ಅಮ್ಮ. ನಂಗೆ ಕೇಳಿಸ್ತು. ಹಾಡ್ತಿದಾನೆ ಅಂದ್ಕೊಂಡೆ.”

ಟೇಪು ಓಡಿ ನಿಂತಿತು. ಆಮೇಲೆ ತಾಯಿ ಮಗಳ ಪಕ್ಕ ನೆಲದ ಮೇಲೆ ನಿಧಾನವಾಗಿ ಕುಳಿತರು.

“ಇನ್ನೊಂದ್ಸಲ ಹಾಕು. ಹಾಡು ಯಾವ್ದು, ಕೂಗು ಯಾವ್ದು ಅಂತ ನಂಗೂ ತಿಳೀಲಿ.”

ಅಂದಿನಿಂದ ದಿನವೂ ತಾಯಿ ಮಗಳಿಬ್ಬರೂ ಕೂತು ಕೇಳುತ್ತಿದ್ದಾರೆ, ಇನ್ನೂ ತಿಳಿದಿಲ್ಲವಂತೆ. ನಿವೃತ್ತಿಯ ನಂತರ ಅಕ್ಕ ಕೈಗೆತ್ತಿಕೊಂಡಿರುವ ಕೆಲಸ ಇದೇ. ಪೆಟ್ಟಿಗೆಯಲ್ಲಿ ಕೇಳದ ಕ್ಯಾಸೆಟ್ಟುಗಳು ಬಹಳ ಉಳಿದಿವೆ. ಅವಷ್ಟನ್ನೂ ಕೇಳಿ ಮುಗಿಸುವಷ್ಟು ಆಯುಸ್ಸು ಅಕ್ಕನಿಗೂ ಅವರ ತಾಯಿಗೂ ಒಟ್ಟಿಗೇ ಇರಲಿ.