ಕಾಕು ಬೆಲ್ಲ ತಿಂದ ರಾತ್ರಿ

ಇದು ನಡೆದದ್ದು ನಿಜ. ಆದರೆ ಎಲ್ಲವೂ ನಾನು ಬರೆಯುವ ಹಾಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಎರಡು ಸಾವಿರದ ಹದಿನೈದೋ ಹದಿನಾರೋ... ಕಬ್ಬು ಕಡಿಯುವ ಕಾಲ ಎಂಬುದಷ್ಟೇ ಖಾತ್ರಿ. ದಿನವೂ ತಪ್ಪದೆ ಡೈರಿ ಬರೆಯುವವಳು ನಾನು. ಅಂದು ಮಾತ್ರ ಬರೆಯಲು ಕೈ ಬರಲಿಲ್ಲ. ಹಾಗಾಗಿ ಕೆಲವು ಸಂಗತಿ ತಪ್ಪಿರಬಹುದು.

ಅಪ್ಪನ ತಮ್ಮ, ನಮ್ಮ ಬಾಪು ಕಾಕಾ, ಆಗಷ್ಟೇ ಹೊಸ ಕಾರು ಕೊಂಡಿದ್ದ. ಉದ್ದ ಕಡಿಮೆಯ ಗಾಡಿ, ಆದರೆ ನೆಲದಿಂದ ಜೀಪಿನಷ್ಟು ಎತ್ತರ, ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ. ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದ: "ರಾಡ್ಯಾಗ ಟ್ರ್ಯಾಕ್ಟರ್ ನಿಂತೀತು, ಇದು ನಿಲ್ಲಂಗಿಲ್ಲ."

ಅಂದು ಕಾಕಾ, ಅವನ ಹೆಂಡತಿ ಕಾಕು ಮತ್ತು ನಾನು ನಿಪ್ಪಾಣಿಯಲ್ಲಿ ನೆಂಟರೊಬ್ಬರ ಬಸುರಿ ಮಗಳ ಕುಬಸ ಮುಗಿಸಿ ದಿಗ್ಗೇವಾಡಿಯ ಮನೆಗೆ ಹೊರಟಿದ್ದೆವು. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಕಾಕು ಹನಿ ನೀರನ್ನೂ ಬಾಯಿಗೆ ಹಾಕುವವಳಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ. ಅಂಕಲಿ ದಾಟುವಾಗ ಕಾರಿನಲ್ಲೇ ಚುಚ್ಚಿಕೊಂಡಳು. ಮನೆ ಮುಟ್ಟಿದ ಕೂಡಲೇ ತಟ್ಟೆಯ ಮುಂದೆ ಕೂತರೆ ಬೆಳಕಿರುವಾಗಲೇ ಊಟ ಮುಗಿಯುತ್ತದೆ ಎಂಬುದು ಅವಳ ಲೆಕ್ಕ.

"ಮನಿಗೆ ಹೋಗಿ ಚುಚ್ಕೊಂಡ್ರ ಆಗ್ತಿರ್ಲಿಲ್ಲೇನ ಕಾಕು?" ಎಂದೆ.

"ನಿಮ್ಮ ಕಾಕಾಂದು ಗಾಡಿ ಅಲ್ಲ, ಇಮಾನ ಐತಿ. ಹಾರಿಸ್ಕೊಂಡ ಹೋಗ್ತಾನ ತಗೋ," ಎಂದು ನಕ್ಕಳು.

ಸ್ವಲ್ಪ ಮುಂದೆ ರಸ್ತೆಗೆ ಅಡ್ಡಲಾಗಿ ಕಬ್ಬಿನ ಟ್ರ್ಯಾಲಿ ಪಲ್ಟಿಯಾಗಿತ್ತು. ಬಿಸ್ಕೀಟು ತಿನ್ನೆಂದರೆ, "ಮನ್ಯಾಗ ಉಣ್ತೀನಿ ತಗೋ," ಎಂದಳು ಕಾಕು. ಕಾಯುತ್ತ ಕಾಯುತ್ತ ಸೂರ್ಯ ಕಬ್ಬಿನ ಸುಳಿಗಳವರೆಗೆ ಇಳಿದ. ಕಾಕಾ ತಾಳಲಾರದೆ ಕಾರನ್ನು ಹೊಳೆಯ ಕಡೆಯ ಹೊಲದ ದಾರಿಗೆ ತಿರುಗಿಸಿದ.

"ನಾಕೂ ಗಾಲಿ ಎಳೀತಾವ. ಸುಮ್ಮ ಕುಂಡ್ರಿ."

ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಗರಿಗಳು ಕಿಟಕಿಯನ್ನು ಕೆರೆಯುತ್ತಿದ್ದವು... ಸರ್... ಸರ್... ಹೊಲಕ್ಕೆ ಹಾಯಿಸಿದ ನೀರು ದಾರಿಗೆ ಹರಿದು ಕೆಸರಾಗಿತ್ತು. ನೋಡನೋಡುತ್ತ ಕತ್ತಲಾಯಿತು.

ನಾನು ಮುಂದೆ, ಕಾಕಾನ ಪಕ್ಕ ಕೂತಿದ್ದೆ. ಕಾಕು ಹಿಂದೆ ಒಬ್ಬಳೇ. ಹಾಗೆಂದು ನನ್ನ ನೆನಪು.

ಅವಳ ಮಾತು ತೊದಲತೊಡಗಿತು. ಹಿಂದಕ್ಕೆ ಚಾಚಿ ಅವಳ ಕೈ ಮುಟ್ಟಿದೆ. ತಣ್ಣಗೆ ಬೆವತು ನಡುಗುತ್ತಿತ್ತು. ಸೂಜಿ ಕೆಲಸ ಶುರು ಮಾಡಿತ್ತು, ಹೊಟ್ಟೆಯಲ್ಲಿ ಅನ್ನವಿರಲಿಲ್ಲ. ಚೀಲದಲ್ಲಿದ್ದ ಬಿಸ್ಕೀಟು ಮುರಿದು ಬಾಯಿಗೆ ಹಿಡಿದೆ.

"ಹೊತ್ತ ಮುಳಗೇತಿ... ಒಲ್ಲೆ." ಹಲ್ಲು ಕಚ್ಚಿದಳು.

"ಏ, ತಿನ್ನ! ಸತ್ತ ಹೋಗ್ತಿ ಹಂಗ!" ಕಾಕಾನ ದನಿ ಒಡೆದಿತ್ತು. "ಪಾಪ ಬಂದ್ರ ನನಗ ಬರ್ಲಿ, ತಿನ್ನ!"

"ಹೊತ್ತ... ಮುಳಗೇ..."

ಆಮೇಲೆ ಅವಳ ದನಿ ನಿಂತಿತು.

ಆಗಲೇ ಕಾರಿನ ಹಿಂಭಾಗ ಕುಸಿಯಿತು. ಗಾಲಿ ಕೆಸರಿಗೆ ಇಳಿದಂತಲ್ಲ... ಯಾರೋ ಹತ್ತಿ ಕೂತರೆ ಗಾಡಿ ಕುಗ್ಗುತ್ತದಲ್ಲ, ಹಾಗೆ. ಕೆಸರಿನ ಮೇಲಿದ್ದ ಹೆಡ್‌ಲೈಟಿನ ಬೆಳಕು ಮೆಲ್ಲಗೆ ಮೇಲೆದ್ದು ಕಬ್ಬಿನ ಸುಳಿಗಳ ಮೇಲೆ ನಿಂತಿತು. ಎದುರಿನ ದಾರಿ ಕಾಣದಾಯಿತು. ಬಾಗಿಲು ತೆರೆದ ಸದ್ದಾಗಿರಲಿಲ್ಲ.

"ಡಿಕ್ಕ್ಯಾಗ ಏನರ ಹೇರೀಯೇನ?" ಕಾಕಾ ಪಿಸುಗುಟ್ಟಿದ.

"ಏನಿಲ್ಲ ಕಾಕಾ..."

ಎಂಜಿನ್ ತುಂಬಿದ ಟ್ರ್ಯಾಲಿ ಎಳೆಯುವಂತೆ ನರಳಿತು. ಕಾರು ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಸಾಗಿತು. ಮುಚ್ಚಿದ ಗಾಜಿನೊಳಗೆ ಬಿಸಿ ಬೆಲ್ಲದ ವಾಸನೆ ತುಂಬಿಕೊಂಡಿತು. ಹತ್ತಿರದಲ್ಲಿ ಬೆಲ್ಲ ಕಾಸುವ ಗಾಣವಿರಬೇಕು ಎಂದುಕೊಂಡೆ. ಒಲೆಯ ಬೆಂಕಿ ಎಲ್ಲೂ ಕಾಣಲಿಲ್ಲ.

ಆಮೇಲೆ ಬಳೆಗಳ ಸದ್ದು. ಮತ್ತು ಒಂದು ಹೆಣ್ಣು ದನಿ, ಬಹಳ ಸಮಾಧಾನದ್ದು.

"ಇನ್ನಾ ಹೊತ್ತೈತಿ ಕಾಕು... ತಿನ್ನ."

ಎಲ್ಲೋ ಕೇಳಿದ ದನಿ. ಯಾರದೆಂದು ಹೊಳೆಯಲಿಲ್ಲ. ತಿರುಗಿ ನೋಡಲು ನನ್ನ ಕುತ್ತಿಗೆ ಹೊರಳಲಿಲ್ಲ. ಹಿಂದೆ ಯಾರೋ ಮೆಲ್ಲಗೆ ಅಗಿಯುತ್ತಿದ್ದರು... ನುಂಗುತ್ತಿದ್ದರು...

ಕಾಕಾ ಮೇಲಿನ ಕನ್ನಡಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಮತ್ತೆ ಕನ್ನಡಿ. ಮತ್ತೆ ನನ್ನನ್ನು. ಕೈಯೆತ್ತಿ ಕನ್ನಡಿಯನ್ನು ಮೇಲಕ್ಕೆ ತಿರುವಿಬಿಟ್ಟ. ಅವನ ತುಟಿಗಳಲ್ಲಿ ಣಮೋಕಾರ ಮಂತ್ರ ಓಡುತ್ತಿತ್ತು.

ಡಾಂಬರು ರಸ್ತೆ ಹತ್ತಿದ್ದೇ ಹಿಂಭಾಗ ಹಗುರಾಗಿ ಎದ್ದಿತು. ಬೆಳಕು ಇಳಿದು ರಸ್ತೆಗೆ ಬಿತ್ತು.

"ಊರ ಬಂತೇನ?" ಎಂದಳು ಕಾಕು, ಒಳ್ಳೆಯ ನಿದ್ದೆ ಮಾಡಿ ಎದ್ದವಳಂತೆ.

ಆಗ ಮಾತ್ರ ತಿರುಗಿದೆ. ಸೀಟಿನಲ್ಲಿ ಅವಳೊಬ್ಬಳೇ. ಕೆಳತುಟಿಗೆ ಬೆಲ್ಲದ ಕಣ ಅಂಟಿತ್ತು. ಬೆರಳಿನಿಂದ ಒರೆಸಿದೆ. ಇನ್ನೂ ಬೆಚ್ಚಗಿತ್ತು. ಮುರಿದ ಬಿಸ್ಕೀಟು ನನ್ನ ಮಡಿಲಲ್ಲೇ ಇತ್ತು.

ಮರುದಿನ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ, "ಕಾಕು, ನಿನ್ನಿ ರಾತ್ರಿ ಬೆಲ್ಲ ಯಾರ ಕೊಟ್ರು?"

"ರಾತ್ರಿ? ಏನ್ ಮಾತಂತ ಆಡ್ತಿ! ರಾತ್ರಿ ನಾ ತಿಂತೀನೇನ?" ಸಿಟ್ಟಿಗೆದ್ದಳು. "ಇನ್ನಾ ಬಿಸಲಿತ್ತ. ಕಿಡಕ್ಯಾಗಿಂದ ಕಣ್ಣಿಗೆ ಹೊಡೀತಿತ್ತ. ನೀನ ಕೊಟ್ಟೆಲ್ಲ! ಬಾಜೂಕ ಕುಂತ, ನನ್ನ ತಲೀ ತೊಡೀ ಮ್ಯಾಲ ಇಟ್ಕೊಂಡ... ಮರತೀಯೇನ?"

ನಾನು ಮನಃಶಾಸ್ತ್ರ ಓದಿದವಳು. ಸಕ್ಕರೆ ಇಳಿದ ಮಿದುಳು ಇಲ್ಲದ್ದನ್ನು ಕಾಣಿಸುತ್ತದೆ. ಹೆದರಿದವರ ನೆನಪು ಜಾಗಗಳನ್ನು ಅದಲುಬದಲು ಮಾಡುತ್ತದೆ. ನಾನೇ ಹಿಂದೆ ಕೂತಿದ್ದಿರಬಹುದು ಎಂದು ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ. ಹಾಗಿದ್ದರೆ ಬೆಲ್ಲ ಎಲ್ಲಿಂದ ಬಂತು? ಮುಂದಿನ ಸೀಟಿನಲ್ಲಿ ಕೂತು ಕಾಕಾನ ಮುಖ ನೋಡಿದವಳು ಯಾರು?

ಕಾಕು ಚೆನ್ನಾಗಿದ್ದಾಳೆ, ವ್ರತ ಮುರಿದಿಲ್ಲ ಎಂಬ ನೆಮ್ಮದಿಯಲ್ಲಿದ್ದಾಳೆ. ಕಾಕಾ ಆ ಕಾರನ್ನು ಓಡಿಸುತ್ತಲೇ ಇದ್ದ. ನನ್ನನ್ನು ಮಾತ್ರ ಮತ್ತೆ ಅದರಲ್ಲಿ ಹತ್ತಿಸಲಿಲ್ಲ. ಪ್ರತಿ ಸಲ ಏನೋ ನೆಪ... ಬಸ್ ಸ್ಟ್ಯಾಂಡಿಗೂ ಬೈಕಿನಲ್ಲೇ ಬಿಡುತ್ತಿದ್ದ.

ಕಳೆದ ಸಲ ಊರಿಗೆ ಹೋದಾಗ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದೆವು. ತಡೆಯಲಾಗಲಿಲ್ಲ.

"ಕಾಕಾ, ಖರೇ ಹೇಳ. ಆವತ್ತ ನಾ ಎಲ್ಲಿ ಕುಂತಿದ್ನಿ?"

ಅವನು ಎದ್ದು ಒಳಗೆ ಹೋದ.