ಮಾವ ಹಾಕಿದ ಫ್ಯಾನು

ನಮ್ಮ ಮಾವನ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಒಳಗೆ ವೋಲ್ಟ್ ಅಳೆಯುವ ಮೀಟರು, ಹೊರಗೆ ಇಣುಕುವ ಅದರ ಕೆಂಪು, ಕಪ್ಪು ತಂತಿಗಳು. ಮದುವೆಮನೆಗೂ ಹಾಗೆಯೇ ಬರುತ್ತಿದ್ದರು, ನನ್ನ ಮದುವೆಗೂ! ರೈಲುಡಬ್ಬಿಗಳ ದೀಪ, ಫ್ಯಾನು ನೋಡಿಕೊಂಡು ನಿವೃತ್ತರಾದ ಮನುಷ್ಯ. ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಕರೆಂಟಿನ ವಿಷಯಕ್ಕೆ ಅವರದೇ ಕೊನೆಯ ಮಾತು.

ಅತ್ತೆಗೆ ಕಾರಿನ ಏಸಿ ಆಗದು, ತಲೆನೋವು. ಅದಕ್ಕೆಂದೇ ಮಾವ ನಮ್ಮ ಹೊಸ ಕಾರಿನ ಮುಂಭಾಗದಲ್ಲಿ ಪುಟ್ಟ ಫ್ಯಾನೊಂದನ್ನು ಕೂರಿಸಿದರು. ಬೀಗದ ಕೈ ತೆಗೆದರೂ ತಿರುಗಬೇಕೆಂದು ತಂತಿಗಳನ್ನು ಬ್ಯಾಟರಿಗೇ ಬಿಗಿದರು. "ರೈಲ್ವೇಲಿ ಹೀಗೇನೇ ಅಳಿಯಂದ್ರೇ. ಡೈರೆಕ್ಟು!" ಫ್ಯಾನು ಗಾಳಿಗಿಂತ ಸದ್ದೇ ಹೆಚ್ಚು ಮಾಡುತ್ತಿತ್ತು. "ಥೇಟ್ ನಿಮ್ಮ ಹಾಗೇ" ಎಂದರು ಅತ್ತೆ. ಮಾವ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಹೊತ್ತೂ ಅತ್ತೆ ನಿಲ್ಲಿಸಿದ ಕಾರಿನಲ್ಲಿ ಗಾಳಿ ತೆಗೆದುಕೊಳ್ಳುತ್ತ ಕೂತಿರುತ್ತಿದ್ದರು.

ಅತ್ತೆಯ ಕಣ್ಣಿನ ಪೊರೆ ಬಲಿತಿತ್ತು. ಕಾಫಿಗೆ ಸಕ್ಕರೆಯ ಬದಲು ಉಪ್ಪು ಬೀಳುತ್ತಿತ್ತು, ಮಾವ ತುಟಿಪಿಟಿಕ್ಕೆನ್ನದೆ ಕುಡಿಯುತ್ತಿದ್ದರು. ಆಪರೇಷನ್ ಎಂದರೆ ಅತ್ತೆಗೆ ನಡುಕ. "ನಮ್ಮ ಕಾರಲ್ಲಿ, ಇವರು ಪಕ್ಕದಲ್ಲಿದ್ರೆ ಮಾತ್ರ ಬರ್ತೀನಿ" ಎಂದು ಷರತ್ತು ಹಾಕಿದ್ದರು. ಪೋರೂರಿನ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಕಾರು ಟಿಕ್ ಟಿಕ್ ಅಂದು ಸುಮ್ಮನಾಯಿತು. "ದೇವರೇ ಬೇಡ ಅಂದ" ಎಂದು ಅತ್ತೆ ಖುಷಿಯಿಂದ ಒಳಗೆ ಹೋದರು. ಹೊಸ ಬ್ಯಾಟರಿ ಹಾಕಿಸಿ ಇನ್ನೊಂದು ದಿನ ಹೊರಟರೂ ಅದೇ ಕಥೆ. ಆ ಸಲವಂತೂ ಅತ್ತೆ, ಹೇಗೂ ವಾಪಸು ಬರುತ್ತೇವೆಂದು, ಸಾಂಬಾರಿಗೆ ಬೇಳೆ ನೆನೆಸಿಟ್ಟೇ ಹೊರಟಿದ್ದರು.

ಮೆಕ್ಯಾನಿಕ್ ಬಂದು ಕಾರನ್ನು ಸ್ಟಾರ್ಟ್ ಮಾಡಿಸಿದ. ಮಾವ ಮೀಟರು ಹಿಡಿದು ನಿಂತರು. "ಇಂಜಿನ್ ಓಡ್ತಿದ್ರೂ ಚಾರ್ಜೇ ಇಲ್ಲ. ಆಲ್ಟರ್ನೇಟರ್ ಹೋಗಿದೆ!" ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಸಿಕ್ಕಿಸಿ ತಲೆಯಾಡಿಸಿದ. ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರ್ ಚೆನ್ನಾಗಿಯೇ ಇದೆ, ಆದರೆ ಬ್ಯಾಟರಿ ತುಂಬಿದೆ ಅಂದುಕೊಂಡು ಕಾರಿನ ಕಂಪ್ಯೂಟರೇ ಚಾರ್ಜು ಕಡಿಮೆ ಮಾಡಿದೆ ಎಂದ.

"ತುಂಬಿದೆಯಾ? ಆ ಫ್ರಾಡ್ ಕಂಪ್ಯೂಟರ್‌ಗೆ ಯಾರ್ರೀ ಹೇಳಿದ್ದು?"

ಅವನು ಬ್ಯಾಟರಿಯ ಮೈನಸ್ ಕಡೆಗೆ ಅಂಟಿಕೊಂಡಿದ್ದ ಸೆನ್ಸರ್ ತೋರಿಸಿದ. ಅದರ ಮೂಲಕ ಹಾದುಹೋದ ಕರೆಂಟು ಮಾತ್ರ ಕಂಪ್ಯೂಟರಿಗೆ ಗೊತ್ತಾಗುತ್ತದಂತೆ. ಮಾವ ಬಗ್ಗಿ ನೋಡಿದರು. ಸೆನ್ಸರನ್ನು ತಪ್ಪಿಸಿ ಒಂದು ಕಪ್ಪು ತಂತಿ ನೇರ ಬ್ಯಾಟರಿಯ ತಲೆಗೆ ಹೋಗಿತ್ತು. ಅದರ ಜಾಡು ಹಿಡಿದ ಬೆರಳು ಅವರ ಫ್ಯಾನಿನ ಹತ್ತಿರ ಹೋಗಿ ನಿಂತಿತು.

"ಅಯ್ಯೋ, ಕಂಪ್ಯೂಟರ್ ಚುಮ್ಮಾ ಇದೆ, ಏನೂ ಮಾಡಿಲ್ಲ, ಪಾಪ. ಲೆಕ್ಕಕ್ಕೆ ಸಿಗದ ಹಾಗೆ ಕರೆಂಟು ಕದ್ದವನು ನಾನೇ" ಎಂದರು.

ಫ್ಯಾನಿನ ಕರೆಂಟೂ ಸೆನ್ಸರ್ ದಾಟಿಯೇ ಹೋಗಲೆಂದು ತಾವೇ ಆ ತಂತಿ ಬಿಚ್ಚಿ ಕಾರಿನ ಮೈಗೆ ಬಿಗಿದರು. ಮೆಕ್ಯಾನಿಕ್ ಕಂಪ್ಯೂಟರಿನ ಹಳೇ ಲೆಕ್ಕ ಅಳಿಸಿದ. ಮೀಟರು ಏರಿತು. "ಹದಿನಾಲ್ಕು ವೋಲ್ಟು!" ಎಂದು ಮಾವ ಬೀದಿಗೆಲ್ಲ ಕೇಳುವಂತೆ ಕೂಗಿದರು. ಒಳಗಿನಿಂದ ಅತ್ತೆಯ ದನಿ ಬಂತು: "ಹಾಗಾದ್ರೆ ಹೋಗ್ಲೇಬೇಕಾ?"

ಹೋದರು. ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಆಡಿದ ಮೊದಲ ಮಾತು, "ಏನ್ರೀ, ಇಷ್ಟು ಮುದುಕರಾಗಿದೀರಾ!" ಮಾವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಮಾವ ತೀರಿಹೋಗಿ ವರ್ಷವಾಯಿತು. ಮೊನ್ನೆ ಮಾರ್ಗಳಿ ತಿಂಗಳ ತಣ್ಣನೆಯ ಬೆಳಿಗ್ಗೆ ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ಯುವಾಗ, ಚಳಿಯಾದೀತೆಂದು ಫ್ಯಾನು ಆರಿಸಲು ಕೈ ಚಾಚಿದೆ. ಅತ್ತೆ ತಟ್ಟನೆ ಕೈ ಹಿಡಿದರು.

"ಓಡ್ಲಿ ಬಿಡಿ. ಆ ಸದ್ದಿಲ್ದಿದ್ರೆ ನಂಗಾಗಲ್ಲ."