ಬಾವಿ ಉಟ್ಟ ಪ್ರಧಾನಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಪ್ರಧಾನಮಂತ್ರಿಯಾಗಿದ್ದೆ. ನಗಬೇಡಿ, ಚುನಾವಣೆಯಲ್ಲಿ ಗೆದ್ದೇ ಆಗಿದ್ದೆ. ಮೈಸೂರು ಕಡೆಯಿಂದ ಬಂದ ನಮ್ಮ ಹೆಡ್‌ಮಾಸ್ತರರು ಮಕ್ಕಳಲ್ಲಿ ನಾಯಕತ್ವ ಬೆಳೆಸಬೇಕೆಂದು ಶಾಲೆಯಲ್ಲೊಂದು ಮಂತ್ರಿಮಂಡಲ ಕಟ್ಟಿದರು. ಮತ ಹಾಕಲು ಕಾಗದ ಯಾಕೆ ದಂಡ ಎಂದು ಎಲ್ಲರಿಗೂ ಒಂದೊಂದು ಕಾಫಿಬೀಜ ಕೊಟ್ಟರು. ನನ್ನ ಹೆಸರಿನ ಡಬ್ಬಿಯಲ್ಲೇ ಬೀಜ ಹೆಚ್ಚು ಬಿದ್ದಿತ್ತು. ನಮ್ಮ ಆರೋಗ್ಯಮಂತ್ರಿ ಎಲ್ಲರ ಉಗುರು ನೋಡುತ್ತಿದ್ದ, ಅವನ ಉಗುರು ನೋಡುವವರಿರಲಿಲ್ಲ. ಆಹಾರಮಂತ್ರಿ ಹಾಲಿನ ಪುಡಿ ಕಲಸುವಾಗ ಅರ್ಧ ಪುಡಿ ಅವನ ಬಾಯಿಗೇ ಹೋಗುತ್ತಿತ್ತು. ದೊಡ್ಡವರ ಮಂತ್ರಿಮಂಡಲವೂ ಹೀಗೇ ಇರುತ್ತದೆಂದು ಆಗ ನಮಗೆ ಗೊತ್ತಿರಲಿಲ್ಲ.

ಇನ್ಸ್‌ಪೆಕ್ಟರರು ಬರುವ ದಿನ ಗೊತ್ತಾಯಿತು. ಶಾಲೆಯ ವರದಿಯನ್ನು ಅವರ ಮುಂದೆ ನಾನು ಒಪ್ಪಿಸಬೇಕಿತ್ತು. ಹೆಡ್‌ಮಾಸ್ತರರ ಚಿಂತೆ ಒಂದೇ. "ನೋಡಮ್ಮ, ಉಟ್ಟು ಗಿಟ್ಟು ಅಂತ ಅವರ ಮುಂದೆ ಬಾಯಿಗೆ ಬರಬಾರದು. ಇದೆ ಅನ್ನಬೇಕು. ನಾಯಕಿ ಅಂದ್ರೆ ಭಾಷೆ ಶುದ್ಧ ಇರಬೇಕು."

ನಮ್ಮ ಮನೆಮಾತು ಅರೆಭಾಷೆ. ಈ ಹೆಸರಿಟ್ಟ ಮಹಾನುಭಾವರು ಯಾರೋ, ಸಿಕ್ಕಿದರೆ ಎರಡು ಮಾತು ಕೇಳಬೇಕೆಂದಿದ್ದೇನೆ. ಆಡುವವರಿಗೆ ಅದು ಪೂರ್ತಿ ಭಾಷೆಯೇ. ಬೇರೆಯವರು 'ಇದೆ' ಎನ್ನುವಲ್ಲಿ ನಾವು 'ಉಟ್ಟು' ಎನ್ನುತ್ತೇವೆ, 'ಇಲ್ಲ' ಎನ್ನುವಲ್ಲಿ 'ಇಲ್ಲೆ'. ಮೈಸೂರಿನವರ ಕಿವಿಗೆ 'ಉಟ್ಟು' ಸೀರೆ ಉಟ್ಟಂತೆ, ಪಂಚೆ ಉಟ್ಟಂತೆ ಕೇಳಿಸುತ್ತದೆ.

ನನ್ನನ್ನು ತಯಾರು ಮಾಡಿದವರು ಅಪ್ಪ. ಸಂಜೆ ಗದ್ದೆಯಿಂದ ಬಂದವರು ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಇನ್ಸ್‌ಪೆಕ್ಟರರಾಗುತ್ತಿದ್ದರು.

"ಶಾಲೆಲಿ ಕರಿಹಲಗೆ ಉಟ್ಟಾ?"

"ಇದೆ ಸಾರ್."

"ಆಟದ ಬಯಲು ಉಟ್ಟಾ?"

"ಇದೆ ಸಾರ್."

ಅಪ್ಪನಿಗೆ 'ಇದೆ' ಎನ್ನಲು ಬಾಯಿ ತಿರುಗುತ್ತಿರಲಿಲ್ಲ. ನನ್ನ ಬಾಯಲ್ಲಿ ಅದು ಬಂದಾಗಲೆಲ್ಲ ಅಮ್ಮನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸುತ್ತಿದ್ದರು.

ಆ ದಿನ ಅಪ್ಪ ಮದುವೆಯ ಕರಿಕೋಟು ಹಾಕಿಕೊಂಡು ಬಂದು ಪೋಷಕರ ಬೆಂಚಿನಲ್ಲಿ ಕೂತರು. ನಾನು ವರದಿಯನ್ನು ನಿರರ್ಗಳವಾಗಿ ಒಪ್ಪಿಸಿದೆ. ಎಲ್ಲೂ ಎಡವಲಿಲ್ಲ. ಹೆಡ್‌ಮಾಸ್ತರರ ಮುಖ ಅರಳಿತು. ಅಲ್ಲಿಗೇ ಮುಗಿಸಬಾರದೇ ಆ ಪುಣ್ಯಾತ್ಮ? ಇನ್ಸ್‌ಪೆಕ್ಟರರು ಕನ್ನಡಕ ತೆಗೆದು ಸುಮ್ಮನೆ, ಪ್ರೀತಿಯಿಂದಲೇ ಕೇಳಿದರು. "ಭೇಷ್! ಅದಿರಲಿ ಮಗು, ಕುಡಿಯೋಕೆ ನೀರಿಗೆ ಏನು ಮಾಡ್ತೀರಿ?"

ಇದು ವರದಿಯಲ್ಲಿರಲಿಲ್ಲ. ನನ್ನ ಕಣ್ಣು ಅಪ್ಪನ ಕಡೆ ಹೋಯಿತು. ಅಪ್ಪನ ಮುಖ ಕಂಡದ್ದೇ ತಡ, ಬಾಯಿ ತಾನಾಗಿ ಹೇಳಿಬಿಟ್ಟಿತು.

"ಬಾವಿ ಉಟ್ಟು ಸಾರ್."

"ಬಾವಿ ಉಟ್ಟು? ಹಾಗಾದ್ರೆ ಹೊದ್ದುಕೊಳ್ಳೋದು ಏನನ್ನ, ಕೆರೆಯನ್ನೋ?"

ಶಾಲೆಗೆ ಶಾಲೆಯೇ ನಕ್ಕಿತು. ಹೆಡ್‌ಮಾಸ್ತರರು ನಕ್ಕರು. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಉಟ್ಟು ಉಟ್ಟು ಎನ್ನುವ ನನ್ನ ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅಷ್ಟರಲ್ಲಿ ಎಲ್ಲರಿಗಿಂತ ಜೋರಾದ ಒಂದು ನಗು ಕೇಳಿತು. ಅದು ಅಪ್ಪನದು. ದೊಡ್ಡ ಮನುಷ್ಯರು ನಕ್ಕಾಗ ನಗದಿದ್ದರೆ ಮರ್ಯಾದೆಯಲ್ಲವೆಂದು, ಏನೂ ಅರ್ಥವಾಗದೆ ನಕ್ಕಿದ್ದರು. ಪಕ್ಕದವರು ಕಿವಿಯಲ್ಲಿ ಏನೋ ಹೇಳಿದರು. ಅಪ್ಪನ ನಗು ನಿಂತುಹೋಯಿತು.

ಮನೆಯ ಹತ್ತಿರ ಬಂದಾಗ ಅಪ್ಪ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು, "ನಾ ಉಟ್ಟಾಂತ ಕೇಳಿದ್ದೇ ತಪ್ಪಾತ್," ಎಂದರು. ಇಲ್ಲ ಎನ್ನಬೇಕಿತ್ತು, ನಾನು ಬಿರಬಿರನೆ ಮುಂದೆ ನಡೆದೆ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಒಮ್ಮೆ ನನ್ನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು ಅಮ್ಮನನ್ನು ಕೇಳಿದರು. "ಸಾರು... ಇದೆಯಾ?"

ಅಮ್ಮ ಸೌಟು ಹಿಡಿದೇ ನಿಂತರು. "ಎಂಥ ಆತ್ ನಿಮ್ಗೆ? ಸಾರು ಉಟ್ಟು!"

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಶಾಲೆಯಲ್ಲಾದ ಅವಮಾನ ಇದರ ಮುಂದೆ ಏನೂ ಅಲ್ಲ.

ಶಾಲೆಯ ಮಕ್ಕಳು ಬಾವಿಯನ್ನು ಒಂದು ವಾರದಲ್ಲೇ ಮರೆತರು. ಅಪ್ಪ ಮರೆಯಲಿಲ್ಲ. ಮುಂದೆ ನಾನೇ ಟೀಚರಾಗಿ, ರಜೆಗೆ ಮನೆಗೆ ಬಂದಾಗಲೂ ನೋಡಿದ್ದೇನೆ. ಒಳಗೆ ಅಪ್ಪ ಅಮ್ಮ ಉಟ್ಟು, ಇಲ್ಲೆ ಎಂದು ಹಾಯಾಗಿ ಹರಟುತ್ತಿರುತ್ತಾರೆ. ನಾನು ಹೊಸಲು ದಾಟಿದ ಕೂಡಲೇ ಅಪ್ಪ ಕಾಲ ಮೇಲಿನ ಕಾಲು ಇಳಿಸುತ್ತಾರೆ.

"ಬಾ ಮಗ. ಕಾಫಿ ಇದೆ."